ಯಂತ್ರ ಬರೆದ ಕೈಪಿಡಿಯೂ ತಿದ್ದುವವನ ಧರ್ಮವೂ

ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರಲ್ಲಿ ಒಂದು ವಾಡಿಕೆಯಿತ್ತು. ಬರೆದು ಮುಗಿದಮೇಲೆ ಕೊನೆಯ ಗರಿಯಲ್ಲಿ, ಮೂಲದಲ್ಲಿ ಕಂಡುದನ್ನು ಕಂಡಂತೆಯೇ ಬರೆದಿರುವುದಾಗಿಯೂ, ಶುದ್ಧಾಶುದ್ಧಗಳ ಹೊಣೆ ತಮ್ಮದಲ್ಲವೆಂದೂ, ಬಲ್ಲವರು ತಿದ್ದಿಕೊಳ್ಳಬೇಕೆಂದೂ ಅವರು ಅರಿಕೆಮಾಡಿಕೊಳ್ಳುತ್ತಿದ್ದರು. ಬೆನ್ನು ಬಗ್ಗಿ, ಕಣ್ಣು ಬತ್ತಿ ಬರೆದ ಬಡಪಾಯಿಯ ಈ ಬಿನ್ನಹವನ್ನು ಕಂಡಾಗ ಓದುವವರ ಮನಸ್ಸು ಕರಗದಿರದು. ಆದರೂ ಆ ಬಿನ್ನಹದಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಕಂಡಂತೆ ಬರೆದವನು ನಿರ್ದೋಷಿಯಾದರೆ, ಬರೆಹದಲ್ಲಿ ಉಳಿದ ದೋಷವು ಯಾರದು? ಅದನ್ನು ತಿದ್ದತಕ್ಕವರು ಯಾರು? ತಿದ್ದುವುದಾದರೂ ಎಲ್ಲಿ?

ಈ ಪ್ರಶ್ನೆಯು ಓಲೆಗರಿಯೊಡನೆ ಮುಗಿದುಹೋದುದಲ್ಲ. ಈಗ ಲಿಪಿಕಾರನ ಮಣೆಯ ಮೇಲೆ ಯಂತ್ರವು ಕುಳಿತಿದೆ. ಅದು ಬರೆಯುವ ಗ್ರಂಥಗಳಲ್ಲಿಯೂ ತಪ್ಪುಗಳಿವೆ. ಅದಕ್ಕೆ ಬಿನ್ನಹ ಮಾಡಿಕೊಳ್ಳುವ ಅಭ್ಯಾಸ ಮಾತ್ರ ಇಲ್ಲ. ಕಂಪ್ಯೂಟರಿನ ಕೆಲಸದಲ್ಲಿರುವ ಮಕ್ಕಳು ಈಗ ಅನೇಕ ಮನೆಗಳಲ್ಲಿ ಇರುವುದರಿಂದ, ಅವರು ದಿನವೂ ಎದುರಿಸುವ ಈ ವಿಷಯವನ್ನು ಧರ್ಮಜಿಜ್ಞಾಸೆಯ ದೃಷ್ಟಿಯಿಂದ ನೋಡುವುದು ಅನುಚಿತವಾಗಲಾರದು.

ಮೊದಲು ವಸ್ತುವಿನ ಸ್ವರೂಪ. ಕಂಪ್ಯೂಟರಿಗೆ ಕೆಲಸವನ್ನು ವಿಧಿಸುವ ಬರೆಹಕ್ಕೆ ಕೋಡ್ ಎಂದು ಹೆಸರು. ಪ್ರತಿಯೊಬ್ಬನೂ ಪ್ರತಿಯೊಂದು ಕೆಲಸದ ಕೋಡನ್ನೂ ಹೊಸದಾಗಿ ಬರೆಯುವುದಿಲ್ಲ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಎರಡು ತಾರೀಖುಗಳ ನಡುವಣ ದಿನಗಳನ್ನು ಎಣಿಸುವುದು, ಒಂದು ಪಟ್ಟಿಯಲ್ಲಿ ಬೇಕಾದುದನ್ನು ಹುಡುಕುವುದು, ಇಂಥ ಸಾಮಾನ್ಯ ಕೆಲಸಗಳ ಕೋಡನ್ನು ಯಾರೋ ಒಮ್ಮೆ ಬರೆದಿಟ್ಟಿರುತ್ತಾರೆ. ಮಿಕ್ಕವರು ಅದನ್ನು ತಂದು ತಮ್ಮ ಕೋಡಿನೊಳಗೆ ಸೇರಿಸಿಕೊಳ್ಳುತ್ತಾರೆ. ಹೀಗೆ ಸಿದ್ಧವಾಗಿರುವ ಭಂಡಾರವೇ ಲೈಬ್ರರಿ. ಅದರಲ್ಲಿಯ ಒಂದೊಂದು ಕೆಲಸದ ತುಂಡು ಒಂದೊಂದು ಫಂಕ್ಷನ್. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ವರದಿ, ಎಲ್ಲವೂ ಇಂಥ ಲೈಬ್ರರಿಗಳ ಮೇಲೆ ನಿಂತಿವೆ. ಲೈಬ್ರರಿಯನ್ನು ಬಳಸುವವನು ಅದರ ಒಳಗಿನ ಕೋಡನ್ನು ಬಿಚ್ಚಿ ಓದುವುದು ಅಪರೂಪ. ಅವನು ಓದುವುದೂ ನಂಬುವುದೂ ಅದರ ಕೈಪಿಡಿಯನ್ನು. ಕೈಪಿಡಿಯಲ್ಲಿ ತಪ್ಪಿದ್ದರೆ ಆ ತಪ್ಪು ಅವನ ಕೋಡಿಗೆ ಇಳಿಯುತ್ತದೆ. ಅಲ್ಲಿಂದ ಅವನನ್ನು ಎಂದೂ ಕಾಣದ ಜನರ ಲೆಕ್ಕಕ್ಕೂ ಪ್ರಯಾಣಕ್ಕೂ ಔಷಧಕ್ಕೂ ಇಳಿಯುತ್ತದೆ.

ಹಿಂದೆ ಈ ಕೈಪಿಡಿಗಳನ್ನು ಮನುಷ್ಯರೇ ಬೇರೆಯಾಗಿ ಕುಳಿತು ಬರೆಯುತ್ತಿದ್ದರು. ಕೋಡು ಮುಂದೆ ಹೋಗುತ್ತಿತ್ತು, ಕೈಪಿಡಿ ಹಿಂದೆ ಉಳಿಯುತ್ತಿತ್ತು. ಈ ಅಂತರವನ್ನು ನೀಗಬೇಕೆಂದು, 1984ರಲ್ಲಿ ಅಮೆರಿಕದ ಗಣಕಶಾಸ್ತ್ರಜ್ಞರಾದ ಡೊನಾಲ್ಡ್ ಕನೂತ್ ಎಂಬವರು ಒಂದೇ ಮೂಲಬರೆಹದಿಂದ ಯಂತ್ರಕ್ಕೆ ಬೇಕಾದ ಕೋಡನ್ನೂ ಮನುಷ್ಯನಿಗೆ ಬೇಕಾದ ವಿವರಣೆಯನ್ನೂ ಹೊರತೆಗೆಯುವ ಕ್ರಮವನ್ನು ಪ್ರತಿಪಾದಿಸಿದರು. ಆ ಆದರ್ಶವನ್ನು ಪೂರ್ತಿಯಾಗಿ ಕೈಕೊಂಡವರು ಕೆಲವರೇ. ಆದರೆ ಅದಕ್ಕೆ ಹತ್ತಿರವಾದ, ಸುಲಭವಾದ ಒಂದು ಪದ್ಧತಿ ಎಲ್ಲೆಲ್ಲಿಯೂ ಬೇರೂರಿತು. ಕೋಡಿನ ಒಡಲಲ್ಲಿಯೇ, ಒಂದೊಂದು ಫಂಕ್ಷನ್ನಿನ ನೆತ್ತಿಯಲ್ಲಿ, ಮನುಷ್ಯರ ಮಾತಿನಲ್ಲಿ ಒಂದು ಟಿಪ್ಪಣಿಯನ್ನು ಬರೆದಿಡುವುದು. ಆಮೇಲೆ ಒಂದು ಯಂತ್ರ (ಅದೂ ಒಂದು ಪ್ರೋಗ್ರಾಮೇ) ಆ ಟಿಪ್ಪಣಿಗಳನ್ನು ಆಯ್ದು, ಜೋಡಿಸಿ, ಅಚ್ಚುಕಟ್ಟಾದ ಪುಟಗಳನ್ನು ಕಟ್ಟಿಕೊಡುವುದು. 1990ರ ದಶಕದ ನಡುವಿನಲ್ಲಿ ಜಾವಾ ಭಾಷೆಯೊಡನೆ ಬಂದ ಜಾವಾಡಾಕ್, 1997ರಲ್ಲಿ ಬಂದ ಡಾಕ್ಸಿಜನ್, ಪೈಥಾನ್ ಭಾಷೆಯ ಕೈಪಿಡಿಗಾಗಿಯೇ ರಚಿತವಾಗಿ 2008ರಲ್ಲಿ ಹೊರಬಂದ ಸ್ಫಿಂಕ್ಸ್, ಇವೆಲ್ಲ ಈ ಜಾತಿಯ ಲಿಪಿಕಾರರು.

ಇಂಥ ಪುಟವೊಂದನ್ನು ಪರೀಕ್ಷಿಸಿದರೆ ಅದರಲ್ಲಿ ಎರಡು ಬಗೆಯ ಮಾತುಗಳು ಬೆರೆತಿರುವುದು ತಿಳಿಯುತ್ತದೆ. ಫಂಕ್ಷನ್ನಿನ ಹೆಸರು, ಅದಕ್ಕೆ ಎಷ್ಟು ಪದಾರ್ಥಗಳನ್ನು ಒಪ್ಪಿಸಬೇಕು, ಅವು ಸಂಖ್ಯೆಗಳೋ ಪದಗಳೋ, ಫಲವಾಗಿ ಬರುವುದೇನು, ಇವನ್ನು ಯಂತ್ರವು ನೇರವಾಗಿ ಕೋಡಿನಿಂದಲೇ ತೆಗೆದುಕೊಳ್ಳುತ್ತದೆ. ಇಲ್ಲಿ ಸುಳ್ಳಿಗೆ ಎಡೆ ಬಹಳ ಕಡಮೆ. ಆ ಫಂಕ್ಷನ್ ಏನು ಮಾಡುತ್ತದೆ, ಏತಕ್ಕೆ, ಯಾವಾಗ ಸೋಲುತ್ತದೆ ಎಂಬುದನ್ನು ಟಿಪ್ಪಣಿಯಿಂದ ತೆಗೆದುಕೊಳ್ಳುತ್ತದೆ. ಇಲ್ಲಿ ಬರೆದವನ ಮರೆವು, ಅವಸರ, ಅಜ್ಞಾನ, ಎಲ್ಲಕ್ಕೂ ಎಡೆಯುಂಟು. ವಿಪರೀತವೇನೆಂದರೆ ಎರಡೂ ಒಂದೇ ಪುಟದಲ್ಲಿ, ಒಂದೇ ಅಕ್ಷರದಲ್ಲಿ, ಒಂದೇ ಗಾಂಭೀರ್ಯದಿಂದ ಅಚ್ಚಾಗುತ್ತವೆ. ಮೊದಲನೆಯದರ ಪ್ರಾಮಾಣ್ಯವು ಎರಡನೆಯದಕ್ಕೂ ಹತ್ತಿಕೊಳ್ಳುತ್ತದೆ. ಓದುವವನು ಯಂತ್ರವೇ ಬರೆದುದೆಂದು ನಂಬುತ್ತಾನೆ. ಮೂರು ವರ್ಷದ ಹಿಂದೆ ಒಬ್ಬನು ಬರೆದು ಮರೆತ ಮಾತನ್ನು ಯಂತ್ರವು ಇಂದಿನ ತಾರೀಖಿನೊಡನೆ ಮರುಮುದ್ರಿಸಿದೆಯೆಂಬುದು ಅವನಿಗೆ ಹೊಳೆಯುವುದಿಲ್ಲ.

ತಪ್ಪುಗಳು ಹುಟ್ಟುವ ದಾರಿಗಳು ಹಲವು. ಕೋಡು ಬದಲಾಗಿ ಟಿಪ್ಪಣಿ ಹಳೆಯದಾಗಿಯೇ ಉಳಿಯುವುದು ಎಲ್ಲಕ್ಕಿಂತ ಸಾಮಾನ್ಯ. ಪಕ್ಕದ ಫಂಕ್ಷನ್ನಿನ ಟಿಪ್ಪಣಿಯನ್ನು ನಕಲುಮಾಡಿ ಹೆಸರು ಬದಲಾಯಿಸಲು ಮರೆಯುವುದು ಇನ್ನೊಂದು. ಜಾವಾಡಾಕಿನಲ್ಲಿ ಒಂದು ವಿಶೇಷವುಂಟು: ತಂದೆಯ ಸ್ಥಾನದಲ್ಲಿರುವ ಫಂಕ್ಷನ್ನಿಗೆ ಟಿಪ್ಪಣಿಯಿದ್ದು, ಅದನ್ನು ಮಾರ್ಪಡಿಸಿಕೊಂಡ ಮಗನ ಸ್ಥಾನದ ಫಂಕ್ಷನ್ನಿಗೆ ಟಿಪ್ಪಣಿಯಿಲ್ಲದಿದ್ದರೆ, ಯಂತ್ರವು ತಂದೆಯ ಮಾತನ್ನೇ ಮಗನ ಬಾಯಲ್ಲಿ ಇಡುತ್ತದೆ. ಮಗನ ನಡತೆ ಬೇರೆಯಾಗಿದ್ದರೂ ಮಾತು ತಂದೆಯದೇ. ಇನ್ನು ಕೆಲವು ತಪ್ಪುಗಳು ಸಾಗಿಸುವ ದಾರಿಯಲ್ಲಿ ಹುಟ್ಟುತ್ತವೆ. ಜಾವಾ ಭಾಷೆಯಲ್ಲಿ ‘ಪದಗಳ ಪಟ್ಟಿ’ ಎಂಬುದನ್ನು ಬರೆಯುವಾಗ ‘ಪಟ್ಟಿ’ಯ ಮುಂದೆ ‘ಪದ’ವನ್ನು ಎರಡು ಕೋನಚಿಹ್ನೆಗಳ ನಡುವೆ ಇಡುವರು. ಪುಟವನ್ನು ತೋರಿಸುವ ಬ್ರೌಸರಿಗೆ ಕೋನಚಿಹ್ನೆಯೊಳಗಿನದೆಲ್ಲವೂ ತನಗೆ ಕೊಟ್ಟ ಆಜ್ಞೆ. ಅರ್ಥವಾಗದ ಆಜ್ಞೆಯನ್ನು ಅದು ಸದ್ದಿಲ್ಲದೆ ನುಂಗಿಬಿಡುತ್ತದೆ. ಹೀಗಾಗಿ ಟಿಪ್ಪಣಿಯಲ್ಲಿ ಸರಿಯಾಗಿ ಬರೆದಿದ್ದ ‘ಪದಗಳ ಪಟ್ಟಿ’ಯು ಪುಟದಲ್ಲಿ ಬರಿಯ ‘ಪಟ್ಟಿ’ಯಾಗಿ ನಿಲ್ಲುತ್ತದೆ. ಬರೆದವನು ಮೂಲವನ್ನು ನೂರು ಸಲ ನೋಡಿದರೂ ಅವನಿಗೆ ತಪ್ಪು ಕಾಣದು.

ಹಾಗಾದರೆ ತಿದ್ದುವುದು ಎಲ್ಲಿ? ಕಣ್ಣಿಗೆ ಬಿದ್ದ ಪುಟವನ್ನೇ ತಿದ್ದಿಬಿಟ್ಟರೆ ಮುಗಿಯಿತೆಂದು ತೋರುವುದು ಸಹಜ. ಅದು ನಿಲ್ಲುವುದಿಲ್ಲ. ಲೈಬ್ರರಿಯ ಮುಂದಿನ ಆವೃತ್ತಿ ಬಂದ ಕೂಡಲೆ ಯಂತ್ರವು ಹೊಸ ಪುಟವನ್ನು ಕಟ್ಟುತ್ತದೆ. ಕೈಯಿಂದ ತಿದ್ದಿದುದು ಅಳಿಸಿಹೋಗಿ ಹಳೆಯ ತಪ್ಪು ಮರಳಿ ಬರುತ್ತದೆ. ಎಲೆಯ ಹುಳುವನ್ನು ಎಲೆಯಲ್ಲಿ ಕಿತ್ತರೆ ಕೊಂಬೆಯಲ್ಲಿ ಮತ್ತೆ ಹುಟ್ಟುತ್ತದೆ. ಆದುದರಿಂದ ಬಲ್ಲವರು ಟಿಪ್ಪಣಿಯನ್ನು ತಿದ್ದಬೇಕು, ಟಿಪ್ಪಣಿ ಸರಿಯಾಗಿದ್ದರೆ ಯಂತ್ರವನ್ನು ತಿದ್ದಬೇಕು, ಪುಟವನ್ನು ಎಂದಿಗೂ ಮುಟ್ಟಬಾರದು ಎಂದು ವಿಧಿಸುತ್ತಾರೆ. ಯಂತ್ರವು ಕಟ್ಟಿದ ಕಡತಗಳ ನೆತ್ತಿಯಲ್ಲಿ ‘ಕೈಯಿಂದ ತಿದ್ದಬಾರದು’ ಎಂಬರ್ಥದ ಎಚ್ಚರಿಕೆಯನ್ನು ಬರೆದಿಡುವುದೂ ಉಂಟು.

ಇದು ಸಾಮಾನ್ಯವಿಧಿ. ಇದಕ್ಕೆ ಅಪವಾದವಿಲ್ಲವೆಂದು ಹಟಹಿಡಿಯುವವರು 2013ರಲ್ಲಿ ನಡೆದುದನ್ನು ನೆನೆಯಬೇಕು. ಆ ವರ್ಷದ ಜೂನ್ ತಿಂಗಳಲ್ಲಿ, ಜಾವಾಡಾಕ್ ಯಂತ್ರವು ವರ್ಷಗಳಿಂದ ಕಟ್ಟುತ್ತಿದ್ದ ಪುಟಗಳಲ್ಲಿಯೇ ಒಂದು ಬಿರುಕಿದೆಯೆಂದು ಪ್ರಕಟವಾಯಿತು. ಪುಟದ ವಿಳಾಸದ ಕೊನೆಯಲ್ಲಿ ಒಂದು ಪ್ರಶ್ನಚಿಹ್ನೆಯನ್ನಿಟ್ಟು ಅದರ ಮುಂದೆ ಬೇರೊಂದು ವಿಳಾಸವನ್ನು ಸೇರಿಸಿದರೆ, ಆ ಬೇರೆ ಪುಟವು ನಂಬಿಕೆಯ ಕೈಪಿಡಿಯ ಚೌಕಟ್ಟಿನೊಳಗೇ ಬಂದು ಕುಳಿತುಕೊಳ್ಳುತ್ತಿತ್ತು. ಮೋಸಗಾರನು ತನ್ನ ಅಂಗಡಿಯನ್ನು ಬೇರೊಬ್ಬನ ಮನೆಯ ಪಡಸಾಲೆಯಲ್ಲಿ ಇಟ್ಟಂತಾಯಿತು. ತಪ್ಪು ಯಾವ ಟಿಪ್ಪಣಿಯಲ್ಲಿಯೂ ಇರಲಿಲ್ಲ. ಯಾವ ಲೇಖಕನದೂ ಆಗಿರಲಿಲ್ಲ. ಲಿಪಿಕಾರನ ಕೈಯಲ್ಲೇ ಇತ್ತು. ಒರಾಕಲ್ ಸಂಸ್ಥೆಯವರು ಯಂತ್ರವನ್ನು ತಿದ್ದಿದರು. ಆದರೆ ಅದುವರೆಗೆ ಕಟ್ಟಿ ಲೋಕದಲ್ಲೆಲ್ಲ ಹರಡಿಹೋಗಿದ್ದ ಪುಟಗಳ ಗತಿಯೇನು? ಎಷ್ಟೋ ಪುಟಗಳ ಮೂಲಕೋಡು ಅವನ್ನು ಇಟ್ಟುಕೊಂಡವರ ಬಳಿ ಇರುವುದಿಲ್ಲ. ಇದ್ದರೂ ಮತ್ತೆ ಕಟ್ಟುವ ಅನುಕೂಲವಿರುವುದಿಲ್ಲ. ಆದುದರಿಂದ ಅವರೇ ಇನ್ನೊಂದು ಸಣ್ಣ ಉಪಕರಣವನ್ನೂ ಕೊಟ್ಟರು. ಅದು ಕಟ್ಟಿದ ಪುಟಗಳನ್ನು ಹುಡುಕಿ ಇದ್ದಲ್ಲಿಯೇ ತೇಪೆ ಹಾಕುತ್ತಿತ್ತು. ಮೂಲವನ್ನು ತಿದ್ದುವುದು ಧರ್ಮ, ಸರಿ. ಆದರೆ ಇಂದು ಆ ಪುಟವನ್ನು ತೆರೆದು ಮೋಸಹೋಗಲಿರುವವನಿಗೆ ಮೂಲದ ಶುದ್ಧಿಯಿಂದ ಬರುವ ಫಲವೇನೂ ಇಲ್ಲ. ಅವನಿಗಾಗಿ ಎಲೆಯನ್ನೂ ಮುಟ್ಟಬೇಕಾಗುತ್ತದೆ. ಸ್ಮೃತಿಕಾರರು ಆಪದ್ಧರ್ಮವೆಂಬ ಪ್ರಕರಣವನ್ನು ಬೇರೆಯಾಗಿ ಇಟ್ಟುದು ವ್ಯರ್ಥವಲ್ಲ.

ಇಷ್ಟರವರೆಗಿನ ವಿಚಾರದಲ್ಲಿ ತಪ್ಪು ಯಾವುದೆಂಬುದು ಸ್ಪಷ್ಟವಾಗಿಯೇ ಇತ್ತು, ಸ್ಥಾನವೊಂದೇ ಸಂಶಯ. ನಿಜವಾದ ತೊಡಕು ಇದಕ್ಕೂ ಒಳಗಿದೆ. ಕೈಪಿಡಿ ಒಂದನ್ನು ಹೇಳುತ್ತದೆ, ಕೋಡು ಇನ್ನೊಂದನ್ನು ಮಾಡುತ್ತದೆ. ತಪ್ಪಿದುದು ಯಾವುದು?

ಕೆಲಸಗಾರರಲ್ಲಿ ಅನೇಕರು ಇದಕ್ಕೆ ತಡವಿಲ್ಲದೆ ಉತ್ತರ ಕೊಡುತ್ತಾರೆ: ಕೋಡೇ ಪ್ರಮಾಣ, ಕೈಪಿಡಿ ಅದರ ನೆರಳು, ನೆರಳು ಡೊಂಕಾದರೆ ನೆರಳನ್ನು ತಿದ್ದು. ಈ ಉತ್ತರಕ್ಕೆ ಒಂದು ಬೆಂಬಲವೂ ಉಂಟು. ವ್ಯಾಕರಣದಲ್ಲಿ ಶಿಷ್ಟರ ಪ್ರಯೋಗವೇ ಲಕ್ಷ್ಯ, ಸೂತ್ರವು ಲಕ್ಷಣ. ಲಕ್ಷಣವು ಲಕ್ಷ್ಯಕ್ಕೆ ಒಪ್ಪದಿದ್ದರೆ ಜನರ ಮಾತನ್ನು ಸುಳ್ಳೆನ್ನುವುದಿಲ್ಲ, ಸೂತ್ರಕ್ಕೆ ವಾರ್ತಿಕವನ್ನು ಸೇರಿಸುತ್ತಾರೆ. ಕಾತ್ಯಾಯನನು ಪಾಣಿನಿಯ ಸೂತ್ರಗಳ ಮೇಲೆ ಮಾಡಿದುದು ಬಹುಮಟ್ಟಿಗೆ ಇದೇ ಕೆಲಸ. ಕೈಪಿಡಿಯು ವ್ಯಾಕರಣದಂತಿದ್ದರೆ ಈ ಉತ್ತರವು ಸರಿ.

ಆದರೆ ಕೈಪಿಡಿಯ ಮಾತುಗಳೆಲ್ಲವೂ ವ್ಯಾಕರಣದಂತಿಲ್ಲ. ಮೀಮಾಂಸಕರು ವಾಕ್ಯಗಳಲ್ಲಿ ವಿಧಿಯೆಂದೂ ಅನುವಾದವೆಂದೂ ಭೇದವನ್ನು ಮಾಡುತ್ತಾರೆ. ಅನುವಾದವೆಂದರೆ ಇಲ್ಲಿ ಭಾಷಾಂತರವಲ್ಲ. ಬೇರೆ ಪ್ರಮಾಣದಿಂದ ಮೊದಲೇ ತಿಳಿದಿರುವುದನ್ನು ಮತ್ತೆ ಹೇಳುವುದು. ವಿಧಿಯು ಬೇರೆಲ್ಲಿಂದಲೂ ತಿಳಿಯದುದನ್ನು ತಿಳಿಸಿ, ಹೀಗೆ ಆಗತಕ್ಕದ್ದೆಂದು ನಿಯಮಿಸುತ್ತದೆ. ಕೈಪಿಡಿಯಲ್ಲಿ ಈ ಎರಡೂ ಇವೆ. ‘ಈ ಫಂಕ್ಷನ್ ಒಳಗೆ ಇಂಥ ಉಪಾಯವನ್ನು ಬಳಸುತ್ತದೆ’ ಎಂಬುದು ಅನುವಾದ. ‘ಅಕಾರಾದಿಯಾಗಿ ಜೋಡಿಸಿದ ಪಟ್ಟಿಯನ್ನು ಕೊಟ್ಟರೆ ಅದರಲ್ಲಿಯ ಪದವನ್ನು ಇದು ಹುಡುಕಿಕೊಡುತ್ತದೆ’ ಎಂಬುದು ನೋಡುವುದಕ್ಕೆ ವರ್ಣನೆಯಂತಿದ್ದರೂ ನಿಜವಾಗಿ ಒಂದು ವಾಗ್ದಾನ. ಅದನ್ನು ನಂಬಿ ಊರೂರುಗಳಲ್ಲಿ ಜನ ತಮ್ಮ ಕೋಡನ್ನು ಕಟ್ಟಿರುತ್ತಾರೆ. ಅನುವಾದವು ಕೋಡಿಗೆ ವಿರೋಧವಾದರೆ ಅನುವಾದವನ್ನು ತಿದ್ದಬೇಕು. ವಾಗ್ದಾನವು ಕೋಡಿಗೆ ವಿರೋಧವಾದರೆ, ವಾಗ್ದಾನವನ್ನು ತಿದ್ದುವುದೆಂದರೆ ಕೊಟ್ಟ ಮಾತನ್ನು ಹಿಂತೆಗೆದುಕೊಂಡು, ಕಾಗದದಲ್ಲಿ ಮೊದಲಿಂದಲೂ ಹಾಗೆಯೇ ಇತ್ತೆಂದು ತೋರಿಸಿದಂತೆ. ಸಾಲಪತ್ರದ ಅಂಕೆಯನ್ನು ಬದಲಾಯಿಸಿ ಲೆಕ್ಕ ಸರಿಮಾಡುವವನನ್ನು ಲೋಕವು ಏನೆಂದು ಕರೆಯುತ್ತದೆಂಬುದು ಎಲ್ಲರಿಗೂ ತಿಳಿದುದೇ.

ಇದಕ್ಕೆ ಎರಡು ದೃಷ್ಟಾಂತಗಳನ್ನು ನೋಡಬಹುದು. ಮೊದಲನೆಯದು ಜಾವಾ ಭಾಷೆಯ ಲೈಬ್ರರಿಯದು. ಅದರಲ್ಲಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧವಾಗಿ ಸೀಳುತ್ತ ಹುಡುಕುವ ಒಂದು ಫಂಕ್ಷನ್ ಇದೆ. ನಿಘಂಟಿನಲ್ಲಿ ಪದವನ್ನು ಹುಡುಕುವವನು ನಡುಪುಟವನ್ನು ತೆರೆದು, ಮುಂದೋ ಹಿಂದೋ ಎಂದು ನಿಶ್ಚಯಿಸಿ, ಉಳಿದ ಅರ್ಧದಲ್ಲಿ ಮತ್ತೆ ನಡುವನ್ನು ತೆರೆಯುವಂತೆಯೇ ಅದರ ಕ್ರಮ. ಜಾನ್ ಬೆಂಟ್ಲಿ ಎಂಬವರು 1986ರ ತಮ್ಮ ಪುಸ್ತಕದಲ್ಲಿ ಇದನ್ನು ಸರಿಯೆಂದು ಸಾಧಿಸಿಯೂ ತೋರಿಸಿದ್ದರು. ಅದೇ ಕ್ರಮವನ್ನು ಜಾಶುವಾ ಬ್ಲಾಕ್ ಎಂಬವರು ಜಾವಾ ಲೈಬ್ರರಿಗೆ ಬರೆದರು. ಸುಮಾರು ಒಂಬತ್ತು ವರ್ಷ ಯಾರಿಗೂ ಸಂಶಯ ಬರಲಿಲ್ಲ. 2006ರಲ್ಲಿ ಬ್ಲಾಕರೇ ಅದರಲ್ಲಿ ತಪ್ಪಿದೆಯೆಂದು ಲೋಕಕ್ಕೆ ತಿಳಿಸಿದರು. ನಡುವನ್ನು ಕಾಣಲು ಮೊದಲನ್ನೂ ಕೊನೆಯನ್ನೂ ಕೂಡಿಸಿ ಎರಡರಿಂದ ಭಾಗಿಸುವಾಗ, ಆ ಮೊತ್ತವು 214,74,83,647ನ್ನು ಮೀರಿದರೆ ಜಾವಾ ಭಾಷೆಯ ಪೂರ್ಣಾಂಕದ ಪಾತ್ರೆ ತುಂಬಿ ಹರಿದು, ಸಂಖ್ಯೆಯು ಋಣವಾಗಿಬಿಡುತ್ತದೆ. ಪಟ್ಟಿಯಲ್ಲಿ ಸುಮಾರು 107 ಕೋಟಿ ಅಂಶಗಳಿದ್ದಾಗ ಮಾತ್ರ ಇದು ತೋರುವುದರಿಂದ, ಹಿಂದಿನ ಕಾಲದ ಸಣ್ಣ ಯಂತ್ರಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ಈಗ ವಾಚಕರು ಯೋಚಿಸಬೇಕು. ‘ಕೋಡೇ ಪ್ರಮಾಣ’ ಎಂಬ ಪಕ್ಷದವನು ಇಲ್ಲಿ ಏನು ಮಾಡಬೇಕಾಗಿತ್ತು? ಕೈಪಿಡಿಯಲ್ಲಿ, ‘ಪಟ್ಟಿಯು 107 ಕೋಟಿಗಿಂತ ದೊಡ್ಡದಾದರೆ ಈ ಫಂಕ್ಷನ್ ಸೋಲಬಹುದು’ ಎಂದು ಒಂದು ಸಾಲನ್ನು ಸೇರಿಸಬೇಕಾಗಿತ್ತು. ಆಗ ಕೈಪಿಡಿಯೂ ಕೋಡೂ ಒಂದಕ್ಕೊಂದು ಹೊಂದಿಕೊಂಡು, ಯಾವ ದೋಷವೂ ಉಳಿಯುತ್ತಿರಲಿಲ್ಲ. ಹಾಗೆ ಯಾರೂ ಮಾಡಲಿಲ್ಲ. ಮೊದಲಿಗೆ ಅರ್ಧ ಅಂತರವನ್ನು ಕೂಡಿಸುವಂತೆ ಲೆಕ್ಕವನ್ನು ಬದಲಾಯಿಸುವುದೇ ಮೊದಲಾದ ಪರಿಹಾರಗಳು ಹೊರಟವು, ಕೋಡು ತಿದ್ದಲ್ಪಟ್ಟಿತು, ವಾಗ್ದಾನವು ಇದ್ದಂತೆಯೇ ಉಳಿಯಿತು. ಕೈಪಿಡಿಯು ಕೋಡಿನಿಂದ ಬೇರೆಯಾಗಿ ಒಂದು ಆಶಯವನ್ನು ಹೇಳುತ್ತಿದ್ದುದರಿಂದಲೇ ಕೋಡು ತಪ್ಪೆಂದು ಹೇಳುವುದಕ್ಕೆ ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಎರಡನೆಯ ದೃಷ್ಟಾಂತದ ಕೈಪಿಡಿಯು ಯಂತ್ರಲಿಖಿತವಲ್ಲ. ಆದರೆ ಧರ್ಮಸಂಕಟವು ಅಲ್ಲಿ ಇನ್ನೂ ತೀಕ್ಷ್ಣವಾಗಿರುವುದರಿಂದ ಹೇಳದೆ ಬಿಡಲಾಗದು. ಸಿ ಭಾಷೆಯಲ್ಲಿ ಸ್ಮೃತಿಕೋಶದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಅಂಕಿಗಳನ್ನು ನಕಲುಮಾಡುವ ಮೆಮ್‌ಕಾಪಿ ಎಂಬ ಫಂಕ್ಷನ್ ಇದೆ. ಎರಡು ಭಾಗಗಳು ಒಂದರ ಮೇಲೊಂದು ಹಾಯಬಾರದು, ಹಾಯ್ದರೆ ಫಲವು ಏನಾದೀತೆಂದು ಹೇಳಲಾಗದು ಎಂದು ಆ ಭಾಷೆಯ ನಿಯಮಗ್ರಂಥವೂ ಕೈಪಿಡಿಯೂ ಸ್ಪಷ್ಟವಾಗಿ ಸಾರುತ್ತವೆ. ಹಾಯುವ ಸಂದರ್ಭಕ್ಕಾಗಿ ಮೆಮ್‌ಮೂವ್ ಎಂಬ ಬೇರೆ ಫಂಕ್ಷನ್ನೇ ಇದೆ. ಆದರೆ ಲಿನಕ್ಸ್ ವ್ಯವಸ್ಥೆಗಳ ಜಿಲಿಬ್‌ಸಿ ಲೈಬ್ರರಿಯಲ್ಲಿ ಮೆಮ್‌ಕಾಪಿಯು ಬಹುಕಾಲ ಮೊದಲಿನಿಂದ ಕೊನೆಗೆ ನಕಲುಮಾಡುತ್ತಿದ್ದುದರಿಂದ, ಹಾಯ್ದಾಗಲೂ ಅನೇಕ ವೇಳೆ ಕೆಲಸ ಸರಿಯಾಗಿಯೇ ನಡೆದುಹೋಗುತ್ತಿತ್ತು. 2010ರಲ್ಲಿ ವೇಗಕ್ಕಾಗಿ ಕೆಲವು ಯಂತ್ರಗಳಲ್ಲಿ ಕೊನೆಯಿಂದ ಮೊದಲಿಗೆ ನಕಲುಮಾಡುವ ಹೊಸ ಕೋಡನ್ನು ಸೇರಿಸಿದರು. ಆ ವರ್ಷ ಹೊರಬಂದ ಫೆಡೋರಾ 14ರಲ್ಲಿ ಅಡೋಬಿ ಸಂಸ್ಥೆಯ ಫ್ಲಾಷ್ ಪ್ರೋಗ್ರಾಮಿನ ಸಂಗೀತವು ಒಡಕು ಸ್ವರವಾಯಿತು. ತಪ್ಪು ಫ್ಲಾಷಿನದೇ, ಅದು ನಿಯಮವನ್ನು ಮೀರಿ ಮೆಮ್‌ಕಾಪಿಯನ್ನು ಬಳಸಿತ್ತು. ಲೈಬ್ರರಿಯವರು ಕೈಪಿಡಿಯನ್ನು ತೋರಿಸಿದರು. ಲಿನಕ್ಸಿನ ಮೂಲಕರ್ತರಾದ ಲೀನಸ್ ಟೋರ್ವಾಲ್ಡ್ಸ್ ಅವರು, ಹಾಡು ಕೇಳಲು ಕುಳಿತ ಸಾಮಾನ್ಯನಿಗೆ ನಿಯಮಗ್ರಂಥದಿಂದ ಆಗಬೇಕಾದುದೇನು, ನಡೆಯುತ್ತಿದ್ದುದನ್ನು ಕೆಡಿಸಿದುದೇ ತಪ್ಪು ಎಂಬ ಪಕ್ಷವನ್ನು ಹಿಡಿದರು.

ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಕೊಡದ ವಾಗ್ದಾನವನ್ನು ನಡೆಸಿಕೊಡಬೇಕೆನ್ನುವುದು ಅತಿಯೆಂದು ಲೈಬ್ರರಿಯವರು ಹೇಳಬಹುದು. ಬಹುಕಾಲದ ನಡತೆಯೇ ಒಂದು ವಾಗ್ದಾನವಾಗುತ್ತದೆಂದು ಎದುರುಪಕ್ಷದವರು ಹೇಳಬಹುದು. ಆಚಾರವೂ ಧರ್ಮಕ್ಕೆ ಪ್ರಮಾಣವೆಂದು ಶಾಸ್ತ್ರವೇ ಒಪ್ಪಿದೆಯಲ್ಲವೆ? 2011ರ ಆವೃತ್ತಿಯಲ್ಲಿ ಇದಕ್ಕೆ ಒಂದು ಚಮತ್ಕಾರದ ಪರಿಹಾರ ದೊರೆಯಿತು. ಹಳೆಯ ಕಾಲದಲ್ಲಿ ಸಿದ್ಧವಾಗಿದ್ದ ಪ್ರೋಗ್ರಾಮುಗಳು ಮೆಮ್‌ಕಾಪಿಯನ್ನು ಕರೆದರೆ, ಹಾಯ್ದರೂ ಕೆಡದ ಕೋಡು ಓಗೊಡುವಂತೆಯೂ, ಹೊಸದಾಗಿ ಸಿದ್ಧವಾಗುವವು ಕರೆದರೆ ಹೊಸ ಕೋಡು ಓಗೊಡುವಂತೆಯೂ ಏರ್ಪಡಿಸಿದರು. ನಂಬಿ ಬಂದವರಿಗೆ ಹಳೆಯ ನಡತೆ, ಓದಿ ಬಂದವರಿಗೆ ಬರೆದ ನಿಯಮ. ಕೈಪಿಡಿಯ ಒಂದು ಅಕ್ಷರವನ್ನೂ ಬದಲಾಯಿಸಬೇಕಾಗಲಿಲ್ಲ.

ವಾಗ್ದಾನವನ್ನು ಮಿತಿಗೊಳಿಸಲೇಬಾರದೆಂದು ಇದರ ಅರ್ಥವಲ್ಲ. ಮಾಡುವುದಾದರೆ ಬಹಿರಂಗವಾಗಿ ಮಾಡಬೇಕು. 2002ರಲ್ಲಿ ಜಾವಾ ಲೈಬ್ರರಿಗೆ ಸೇರಿದ ಐಡೆಂಟಿಟಿ ಹ್ಯಾಷ್‌ಮ್ಯಾಪ್ ಎಂಬ ಒಂದು ಕೋಶವು ತನ್ನ ವರ್ಗಕ್ಕೆಲ್ಲ ವಿಧಿಸಿದ ಸಾಮಾನ್ಯ ನಿಯಮವನ್ನು ಮೀರುತ್ತದೆ. ಆದರೆ ಅದರ ಟಿಪ್ಪಣಿಯು ಪ್ರಾರಂಭದಲ್ಲಿಯೇ, ತಾನು ಸರ್ವಸಾಮಾನ್ಯ ಬಳಕೆಗೆ ಅಲ್ಲವೆಂದೂ ನಿಯಮವನ್ನು ಬುದ್ಧಿಪೂರ್ವಕವಾಗಿಯೇ ಮೀರುತ್ತಿದ್ದೇನೆಂದೂ ಘೋಷಿಸುತ್ತದೆ. ತಂದೆಯ ಮಾತನ್ನು ಮಗನ ಬಾಯಲ್ಲಿಡುವ ಯಂತ್ರದ ಅಭ್ಯಾಸವನ್ನು ಮೊದಲೇ ಹೇಳಿದೆಯಷ್ಟೆ; ಇಲ್ಲಿ ಮಗನು ಮುಂದೆ ಬಂದು ತನ್ನ ಮಾತನ್ನು ತಾನೇ ಆಡಿದನು.

ತಪ್ಪುಗಳನ್ನು ಯಂತ್ರದಿಂದಲೇ ಹಿಡಿಸುವ ಯತ್ನಗಳೂ ನಡೆದಿವೆ. ಪೈಥಾನ್ ಭಾಷೆಯಲ್ಲಿ 2001ರಿಂದ ಇರುವ ಡಾಕ್‌ಟೆಸ್ಟ್ ಎಂಬ ಉಪಕರಣವು ಟಿಪ್ಪಣಿಯಲ್ಲಿ ಕೊಟ್ಟ ಉದಾಹರಣೆಗಳನ್ನು ನಿಜವಾಗಿ ನಡೆಸಿ, ಬಂದ ಫಲವು ಬರೆದ ಫಲಕ್ಕೆ ಸಮವೇ ಎಂದು ನೋಡುತ್ತದೆ. ಇದು ಬಹಳ ಒಳ್ಳೆಯ ಉಪಾಯ. ಆದರೆ ಅದು ‘ಇವೆರಡೂ ಹೊಂದುವುದಿಲ್ಲ’ ಎನ್ನುತ್ತದೆಯೇ ಹೊರತು ತಪ್ಪು ಯಾವ ಕಡೆಗಿದೆಯೆಂದು ಹೇಳಲಾರದು. ಇನ್ನೊಂದು ಯತ್ನವು ಅಷ್ಟು ಸುಖವಾಗಿ ಮುಗಿಯಲಿಲ್ಲ. 2014ರಲ್ಲಿ ಜಾವಾ 8ನೆಯ ಆವೃತ್ತಿಯಲ್ಲಿ, ಟಿಪ್ಪಣಿಗಳಲ್ಲಿ ದೋಷ ಕಂಡರೆ ಕೈಪಿಡಿಯನ್ನು ಕಟ್ಟುವುದನ್ನೇ ನಿಲ್ಲಿಸುವ ಕಟ್ಟುನಿಟ್ಟಾದ ಪರೀಕ್ಷೆಯನ್ನು ಜಾವಾಡಾಕಿನಲ್ಲಿ ಸೇರಿಸಿದರು. ಅನೇಕರು ದೋಷವನ್ನು ತಿದ್ದುವ ಬದಲು ಪರೀಕ್ಷೆಯನ್ನೇ ಆರಿಸಿಬಿಟ್ಟರು. ಟಿಪ್ಪಣಿಯಿಲ್ಲವೆಂಬ ದೂರನ್ನು ತಪ್ಪಿಸಿಕೊಳ್ಳುವುದಕ್ಕಾಗಿ ‘ಹೆಸರು: ಹೆಸರು’, ‘ಮೊತ್ತ: ಮೊತ್ತವನ್ನು ಕೊಡುತ್ತದೆ’ ಎಂದು ಬರೆದು ಕೈತೊಳೆದುಕೊಳ್ಳುವ ರೂಢಿಯಂತೂ ಹಳೆಯದು. ಫಂಕ್ಷನ್ನಿನ ಹೆಸರನ್ನೇ ಬಿಡಿಸಿ ಇಂಥ ವಾಕ್ಯಗಳನ್ನು ತಾನಾಗಿ ಬರೆದುಕೊಡುವ ಉಪಕರಣಗಳೂ ಬಂದವು. ಹಿಟ್ಟನ್ನು ಮತ್ತೆ ಬೀಸುವ ಈ ಪಿಷ್ಟಪೇಷಣದಲ್ಲಿ ಸುಳ್ಳಿಲ್ಲ, ನಿಜ. ಆದರೆ ಟಿಪ್ಪಣಿಯಿಲ್ಲದ ಫಂಕ್ಷನ್ನನ್ನು ಕಂಡವನು ಕನಿಷ್ಠಪಕ್ಷ ಎಚ್ಚರದಿಂದಿರುತ್ತಾನೆ. ಇದನ್ನು ಕಂಡವನು ಆ ಎಚ್ಚರವನ್ನೂ ಕಳೆದುಕೊಳ್ಳುತ್ತಾನೆ. ಮೌನವೇ ಮೇಲು.

ಇದಕ್ಕಿಂತಲೂ ಹೊಸದಾದ ಒಂದು ಸ್ಥಿತಿ ಈಗ ಬಂದಿದೆ. 2021ರಲ್ಲಿ ಗಿಟ್‌ಹಬ್ ಸಂಸ್ಥೆಯವರು ಕೋಪೈಲಟ್ ಎಂಬ ಸಹಾಯಕನನ್ನು ಪರೀಕ್ಷಾರ್ಥವಾಗಿ ಹೊರತಂದರು. ಅನಂತರ ಇಂಥ ಯಂತ್ರಗಳು ಹೆಚ್ಚಿದವು. ಇವು ಟಿಪ್ಪಣಿಯನ್ನು ಆಯ್ದು ಜೋಡಿಸುವುದಿಲ್ಲ. ಕೋಡನ್ನು ಓದಿ ಟಿಪ್ಪಣಿಯನ್ನೇ ರಚಿಸುತ್ತವೆ. ಲಿಪಿಕಾರನು ಭಾಷ್ಯಕಾರನಾಗಿದ್ದಾನೆ. ವಾಕ್ಯಗಳು ಸೊಗಸು, ಪಂಡಿತನ ಧಾಟಿ. ಇವುಗಳಲ್ಲಿಯೂ ತಪ್ಪು ಬರುತ್ತದೆ, ಇಲ್ಲದ ಫಂಕ್ಷನ್ನನ್ನು ಇದೆಯೆಂದು ಹೇಳುವುದೂ ಉಂಟು ಎಂಬ ದೂರು ಎಲ್ಲರಿಗೂ ಗೊತ್ತಿದೆ; ಅದನ್ನು ಬೆಳೆಸಬೇಕಾಗಿಲ್ಲ. ಹೆಚ್ಚು ಯೋಚಿಸಬೇಕಾದುದು ಇವು ಸರಿಯಾಗಿ ಬರೆದಾಗಿನ ಸ್ಥಿತಿಯನ್ನು ಕುರಿತು. ಇಂಥ ಯಂತ್ರವು 2006ಕ್ಕೆ ಮೊದಲು ಇದ್ದು, ಆ ಹುಡುಕುವ ಫಂಕ್ಷನ್ನನ್ನು ಚೆನ್ನಾಗಿ ಓದಿ, ದೋಷರಹಿತವಾದ ಟಿಪ್ಪಣಿಯನ್ನು ಬರೆದಿದ್ದರೆ ಏನಾಗುತ್ತಿತ್ತು? ‘107 ಕೋಟಿ ಮೀರಿದರೆ ಸೋಲುತ್ತದೆ’ ಎಂಬುದೂ ಒಂದು ಗುಣವರ್ಣನೆಯಾಗಿ ಅದರಲ್ಲಿ ಸೇರುತ್ತಿತ್ತು. ಕೋಡಿನಿಂದ ಹುಟ್ಟಿದ ಟಿಪ್ಪಣಿ ಕೋಡಿಗೆ ವಿರೋಧವಾಗಲಾರದು. ಅದು ಬರಿಯ ಅನುವಾದ. ಮತ್ತು ಅನುವಾದವು ಸ್ವತಂತ್ರ ಪ್ರಮಾಣವಲ್ಲವೆಂದು ಮೀಮಾಂಸಕರು ನಿರ್ಣಯಿಸಿ ಶತಮಾನಗಳಾದವು. ಎರಡು ಸಾಕ್ಷಿಗಳಿದ್ದಲ್ಲಿ ಒಬ್ಬನು ಇನ್ನೊಬ್ಬನ ಮಾತನ್ನೇ ಕೇಳಿ ಹೇಳಿದರೆ ಉಳಿಯುವುದು ಒಂದೇ ಸಾಕ್ಷ್ಯ.

ಆದುದರಿಂದ ಯಂತ್ರವು ಬರೆದ ಟಿಪ್ಪಣಿಯನ್ನು ತಿದ್ದಲು ಕುಳಿತವನ ಕೆಲಸವು ಅಕ್ಷರಶುದ್ಧಿಯಲ್ಲ. ನೈಯಾಯಿಕರು ಶಬ್ದಪ್ರಮಾಣಕ್ಕೆ ಆಪ್ತನನ್ನು ಆಧಾರವಾಗಿ ಹೇಳುತ್ತಾರೆ. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನೇ ಆಪ್ತನು. ಯಂತ್ರಕ್ಕೆ ಅರಿವು ಇದೆಯೆಂದು ವಾದಕ್ಕಾಗಿ ಒಪ್ಪಿದರೂ, ಈ ಫಂಕ್ಷನ್ ಏನಾಗಬೇಕೆಂದು ಕರ್ತನು ಉದ್ದೇಶಿಸಿದ್ದನೆಂಬುದು ಕೋಡಿನಲ್ಲಿ ಪೂರ್ತಿಯಾಗಿ ಇರುವುದಿಲ್ಲವಾದ್ದರಿಂದ, ಅದಕ್ಕೆ ಆ ಅರಿವು ಬರುವ ದಾರಿಯೇ ಇಲ್ಲ. ತಿದ್ದುವವನು ಕರ್ತನನ್ನು ಕೇಳಬೇಕು, ಹಳೆಯ ಕಡತಗಳನ್ನು ನೋಡಬೇಕು, ಬಳಸುವವರು ಏನನ್ನು ನಂಬಿದ್ದಾರೆಂದು ವಿಚಾರಿಸಬೇಕು. ಆಮೇಲೆ ಆ ವಾಕ್ಯದ ಹಿಂದೆ ತಾನೇ ನಿಲ್ಲಬೇಕು. ಯಂತ್ರವು ಬರೆಯಿತು, ತಾನು ಬರಿದೆ ಸಹಿಮಾಡಿದೆ ಎಂದು ಹೇಳುವುದಕ್ಕೆ ಅವನಿಗೆ ಲಿಪಿಕಾರನಿಗಿದ್ದಷ್ಟೂ ಅಧಿಕಾರವಿಲ್ಲ. ಲಿಪಿಕಾರನಾದರೋ ಅಕ್ಷರವೊಂದೊಂದನ್ನೂ ಕೈಯಾರೆ ಬರೆದಿದ್ದನು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇಷ್ಟೊಂದು ಹೊಣೆಯನ್ನು ಹೇರಿದರೆ ತಿದ್ದಲು ಯಾರು ಮುಂದೆ ಬರುತ್ತಾರೆ? ಎಷ್ಟೋ ಲೈಬ್ರರಿಗಳು ಸಂಬಳವಿಲ್ಲದೆ ದುಡಿಯುವವರ ಕೈಯಲ್ಲಿವೆ. ಅವನ್ನು ಬಿಟ್ಟಿಯಾಗಿ ಬಳಸುವವನು ಕೈಪಿಡಿಯ ತಪ್ಪಿನಿಂದ ಅರ್ಧ ದಿನವನ್ನು ಕಳೆದುಕೊಂಡು, ನಿಜವನ್ನು ಕಂಡುಕೊಂಡು, ತನ್ನ ಕೋಡನ್ನು ಸರಿಪಡಿಸಿಕೊಂಡು ಹೊರಟುಹೋಗುತ್ತಾನೆ. ಅವನನ್ನು ತಡೆದು ನಿಲ್ಲಿಸಿ, ಮುಂದೆ ಬರುವವರಿಗಾಗಿ ಆ ತಪ್ಪನ್ನು ತಿಳಿಸಿಹೋಗು ಎಂದು ಕೇಳುವ ಹಕ್ಕು ಯಾರಿಗಿದೆ? ಹಕ್ಕಿನ ಮಾತನ್ನು ಬಿಡೋಣವಾಗಲಿ. ಕತ್ತಲೆಯಲ್ಲಿ ದಾರಿಯ ಕಲ್ಲನ್ನು ಎಡವಿದವನು ಅದನ್ನು ಬದಿಗೆ ಸರಿಸದೆ ಹೋದರೆ ಅವನನ್ನು ಯಾರೂ ಅಪರಾಧಿಯೆನ್ನುವುದಿಲ್ಲ. ಆದರೂ ಹಿಂದೆ ಬರುವವರ ಹೆಜ್ಜೆಯ ಸದ್ದು ಕೇಳುತ್ತಿದ್ದರೆ ಅವನಿಗೆ ಮುಂದೆ ನಡೆಯುವುದು ಅಷ್ಟು ಹಗುರವಾಗಿರದು. ಮೇಲೆ ಹೇಳಿದ ಭಾರವೂ ನಿಶ್ಚಯವಾಗಿ ತಿದ್ದುವವನದು, ಕಂಡು ಹೇಳುವವನದಲ್ಲ. ತಪ್ಪು ಯಾವ ಕಡೆಯದೆಂದು ತಿಳಿಯದವನು ‘ಇವೆರಡೂ ಹೊಂದುತ್ತಿಲ್ಲ’ ಎಂದು ಬರೆದುಕಳುಹಿಸಿದರೆ ಅಷ್ಟಕ್ಕೇ ಅವನ ಪಾಲಿನ ಕೆಲಸ ಮುಗಿಯಿತು.

ಕಂಡು ಹೇಳುವವನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಆ ಡೊನಾಲ್ಡ್ ಕನೂತರ ನಡತೆಯೇ ಮಾದರಿ. ತಮ್ಮ ಪುಸ್ತಕಗಳಲ್ಲಿ ತಪ್ಪನ್ನು ಮೊದಲು ಕಂಡುಹಿಡಿದವರಿಗೆ ತಪ್ಪೊಂದಕ್ಕೆ 2 ಡಾಲರ್ 56 ಸೆಂಟುಗಳನ್ನು ಅವರು ಕೊಡುತ್ತ ಬಂದಿದ್ದಾರೆ. 256 ಎಂಬುದು ಹದಿನಾರರ ಎಣಿಕೆಯಲ್ಲಿ ನೂರು. ಅದು ಅವರ ವಿನೋದ. ತಮ್ಮ ಟೆಕ್ ಎಂಬ ಅಚ್ಚುಜೋಡಣೆಯ ಪ್ರೋಗ್ರಾಮಿನಲ್ಲಿ ತಾವು ಮಾಡಿದ ತಪ್ಪುಗಳನ್ನೆಲ್ಲ ಅವರು ಪಟ್ಟಿಮಾಡಿಟ್ಟುಕೊಂಡು, 1989ರಲ್ಲಿ ಅದನ್ನು ಕುರಿತು ಒಂದು ಲೇಖನವನ್ನೇ ಪ್ರಕಟಿಸಿದರು. 2008ರಲ್ಲಿ ಚೆಕ್ಕುಗಳ ಮೋಸಕ್ಕೆ ಹೆದರಿ ನಿಜವಾದ ಚೆಕ್ಕುಗಳನ್ನು ನಿಲ್ಲಿಸಿ, ಇಲ್ಲದ ಒಂದು ಬ್ಯಾಂಕಿನ ಹೆಸರಿನಲ್ಲಿ ಪ್ರಮಾಣಪತ್ರಗಳನ್ನು ಕಳುಹಿಸತೊಡಗಿದರು. ಅದರಿಂದ ಯಾರಿಗೂ ನಷ್ಟವಾದಂತೆ ತೋರುವುದಿಲ್ಲ. ಏತಕ್ಕೆಂದರೆ ಅದಕ್ಕೆ ಮೊದಲಿನ ನಿಜವಾದ ಚೆಕ್ಕುಗಳನ್ನೂ ಅನೇಕರು ಬ್ಯಾಂಕಿಗೆ ಕೊಂಡೊಯ್ಯದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡಿದ್ದರು.